ಚಿತ್ತಿರೈ ಕಳೆಯಲಿ ಎಂದು ಕಾದವಳು

ಹನುಮಂತನಪಟ್ಟಿಯಲ್ಲಿ ಪನ್ನೀರ್ ದ್ರಾಕ್ಷಿ ಯಾವ ತಿಂಗಳು ಹಣ್ಣಾಗಬೇಕು ಎಂಬುದನ್ನು ದೇವರು ಪಾಂಡಿಯಮ್ಮಾಳನ್ನು ಕೇಳಿಯೇ ತೀರ್ಮಾನಿಸುತ್ತಾನೆ ಎಂದು ಜನ ತಮಾಷೆ ಮಾಡುತ್ತಿದ್ದರು. ತಮಾಷೆಯಾದರೂ ಪೂರ್ತಿ ಸುಳ್ಳಲ್ಲ. ತಮಿಳು ಸೀಮೆಯ ಕಂಬಂ ಕಣಿವೆಯ ದ್ರಾಕ್ಷಿಗೆ ಇಂಥದೇ ಕಾಲ ಎಂಬುದಿಲ್ಲ. ಬಳ್ಳಿ ಸವರಿದ ದಿನದಿಂದ ಲೆಕ್ಕ ಹಾಕಿದರೆ ಸುಮಾರು ನಾಲ್ಕು ತಿಂಗಳಿಗೆ ಗೊನೆ ಕಪ್ಪಾಗುತ್ತದೆ. ಸವರುವುದನ್ನು ಹದಿನೈದು ದಿನ ಮುಂದೆ ಹಾಕಿದರೆ ಹಣ್ಣೂ ಹದಿನೈದು ದಿನ ಮುಂದೆ ಹೋಗುತ್ತದೆ. ಕವಾತ್ತು ಎಂದು ಅವರು ಕರೆಯುವ ಈ ಸವರುವ ಕೆಲಸದಲ್ಲಿ ಪಾಂಡಿಯಮ್ಮಾಳ್ ಪಳಗಿದ ಕೈ. ಚಪ್ಪರದ ಕೆಳಗೆ ಕತ್ತೆತ್ತಿ ನಿಂತು, ಬಳ್ಳಿಯ ಕಣ್ಣನ್ನು ಉಗುರಿನಿಂದ ಒತ್ತಿ ನೋಡಿ, "ಇನ್ನೂ ಎಂಟು ದಿನ ತಡೀರಿ" ಎಂದರೆ ತೋಟದ ಒಡೆಯರು ಬಾಯಿ ಮುಚ್ಚಿಕೊಂಡು ತಡೆಯುತ್ತಿದ್ದರು. ಅವಳು ತಡೆ ಎಂದದ್ದು ತಡೆಯುತ್ತಿತ್ತು, ಬಾ ಎಂದದ್ದು ಬರುತ್ತಿತ್ತು. ಹೀಗೆ ಮೂವತ್ತು ವರ್ಷ ಬದುಕಿದ ಹೆಂಗಸಿಗೆ ಎಲ್ಲವನ್ನೂ ತಡೆಯಬಹುದು ಎನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಊರಿನ ಒಕ್ಕಲು ಮನೆಗಳಲ್ಲಿ ಆಡುವುದು ಕನ್ನಡ. ಯಾವ ಕಾಲದಲ್ಲಿ ಯಾರ ಹಿಂದೆ ಹೊರಟು ಬಂದರೋ, ಹೇಳುವವರು ಈಗಿಲ್ಲ. ಶಾಲೆ, ಬಸ್ಸು, ಸಂತೆಯಲ್ಲಿ ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಬರೆಯಲು ಬಾರದ, ಓದಲು ಬಾರದ ಆ ಕನ್ನಡದಿಂದ ಅವರು ತೆಗೆದುಕೊಳ್ಳುವ ದೊಡ್ಡ ಉಪಯೋಗ ಒಂದೇ: ಎದುರಿಗಿರುವ ತಮಿಳರಿಗೆ ತಿಳಿಯದಂತೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು. ಸೀರೆಯಂಗಡಿಯಲ್ಲಿ ಬಟ್ಟೆಯನ್ನು ಹಳಿಯಲು, ಬಸ್ಸಿನಲ್ಲಿ ಪಕ್ಕದವಳ ಸರ ಚಿನ್ನದ್ದೋ ಗಿಲೀಟಿನದ್ದೋ ಎಂದು ತೀರ್ಪು ಕೊಡಲು. ಇಷ್ಟು ತಲೆಮಾರು ಹೊತ್ತು ತಂದ ಭಾಷೆಯನ್ನು ಬಚ್ಚಲಿನ ಪರದೆಯ ಹಾಗೆ ಕಟ್ಟಿಕೊಂಡಿದ್ದರು. ಆ ಪರದೆಯನ್ನು ನಂಬಿಯೇ ಪಾಂಡಿಯಮ್ಮಾಳ್ ಕೆಟ್ಟಳು. ಆದರೆ ಅದಕ್ಕೆ ಮೊದಲು ಅವಳ ಮಗನ ಸಂಗತಿ ಹೇಳಬೇಕು.

ಅವಳಿಗೆ ಒಬ್ಬನೇ ಮಗ, ಮುತ್ತುಕುಮಾರ್. ಹುಟ್ಟಿದ್ದು ಚಿತ್ತಿರೈ ತಿಂಗಳಲ್ಲಿ. ಉರಿಬೇಸಿಗೆಯ ಆ ತಿಂಗಳಲ್ಲಿ ಗಂಡು ಹುಟ್ಟಿದರೆ ಅಪ್ಪನಿಗೆ ಉಳಿಗಾಲವಿಲ್ಲ ಎಂಬ ನಂಬಿಕೆ ಆ ಸೀಮೆಯ ತಮಿಳರಿಗೂ ಇದೆ, ಇವರಿಗೂ ಇದೆ. ಕೂಸಿಗೆ ಹಲ್ಲು ಮೂಡುವ ಮೊದಲೇ ಅದರ ಅಪ್ಪ ಮುತ್ತಯ್ಯ ಬಾವಿಯ ಮೋಟಾರಿನಲ್ಲಿ ಕರೆಂಟು ಹೊಡೆದು ಸತ್ತ. ಒದ್ದೆ ಕೈಯಲ್ಲಿ ಹರಿದ ವೈರು ಹಿಡಿದವನು ಮುತ್ತಯ್ಯ. ಕೊಂದ ಹೆಸರು ಮಾತ್ರ ತೊಟ್ಟಿಲಲ್ಲಿದ್ದವನಿಗೆ. "ಅಪ್ಪನ್ನ ತಿಂದವನು" ಎಂದು ನಲ್ಲಿಯ ಹತ್ತಿರ ಒಬ್ಬಳು ಅಂದಾಗ ಪಾಂಡಿಯಮ್ಮಾಳ್ ತುಂಬಿದ ಕೊಡವನ್ನು ಅವಳ ಕಾಲಮೇಲೆ ಎತ್ತಿ ಹಾಕಿದ್ದಳು. "ಕರೆಂಟು ಕೊಂದದ್ದು ಕಣೇ, ನನ್ ಕೂಸಲ್ಲ! ಇನ್ನೊಂದ್ಸಾರ್ತಿ ಅಂದ್ರೆ ನಾಲಗೆ ಇರಲ್ಲೆ ನಿಂಗೆ!" ಮಗನಿಗೂ ಅದನ್ನೇ ಹೇಳಿ ಬೆಳೆಸಿದಳು. ಹುಡುಗರು ಆಟದಲ್ಲಿ ಅಂದು ಅಳಿಸಿದ ದಿನವೆಲ್ಲ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು, "ಎಲ್ಲಾ ಬುರುಡೆ. ತಿಂಗಳು ಯಾರನ್ನೂ ಕೊಲ್ಲಲ್ಲೆ" ಎನ್ನುತ್ತಿದ್ದಳು. ಅವನು ಅದನ್ನು ನಂಬಿ ದೊಡ್ಡವನಾದ.

ದೊಡ್ಡವನಾಗಿ ಒಂದು ಚಿಕ್ಕ ಸರಕು ವ್ಯಾನು ಇಟ್ಟುಕೊಂಡ. ಕಣಿವೆಯ ಹಣ್ಣನ್ನು ದಿಂಡಿಗಲ್ಲಿಗೆ ಒಯ್ಯುವುದು, ಬರುವಾಗ ನಿಲಕ್ಕೋಟ್ಟೈಯಲ್ಲಿ ಹೂವಿನ ಮೂಟೆ ಸಿಕ್ಕರೆ ತುಂಬಿಕೊಂಡು ಬರುವುದು. ಮದುವೆಯಾದದ್ದು ಸುಗನ್ಯಾಳನ್ನು, ಪಾಂಡಿಯಮ್ಮಾಳ್‌ಳ ಸ್ವಂತ ತಮ್ಮನ ಮಗಳನ್ನು. ತಾಯಿ ಇಲ್ಲದ ಹುಡುಗಿ. ಲಂಗ ಉಡುವ ವಯಸ್ಸಿನಿಂದಲೂ ಅತ್ತೆಯ ಕೈತುತ್ತು ತಿಂದವಳು, ಅತ್ತೆಯ ಬಾಯಲ್ಲಿ 'ತಂಗಂ', ಎಂದರೆ ಚಿನ್ನ. ಅತ್ತೆ ನಿಲ್ಲು ಎಂದರೆ ನಿಲ್ಲುವವಳು.

ಬಸಿರಾಗಿ ಅವಳ ದಿನ ತುಂಬಿದ್ದು ಚಿತ್ತಿರೈ ಮುಗಿಯುವ ಹೊತ್ತಿಗೆ. ಹಾಗಾದೀತು ಎಂದು ಪಾಂಡಿಯಮ್ಮಾಳ್‌ಗೆ ಮೊದಲೇ ಗೊತ್ತಿತ್ತು. ಹಗಲೆಲ್ಲ ಕ್ಯಾಲೆಂಡರು ನೋಡುತ್ತಿದ್ದಳು. ಕೇಳಿದರೆ, "ಕವಾತ್ತಿಗೆ ದಿನ ನೋಡ್ತಿದೀನಿ" ಎನ್ನುತ್ತಿದ್ದಳು. ಕೊನೆಯ ದಿನ ಬಂದೇ ಬಂತು. ಆವತ್ತು ಮಧ್ಯಾಹ್ನ ದಾಟಿ ಸೂರ್ಯ ರಾಶಿ ಬದಲಿಸಿದರೆ ವೈಕಾಸಿ ತಿಂಗಳು. ಆವತ್ತೇ ಕೋಳಿ ಕೂಗುವ ಹೊತ್ತಿಗೆ ಸುಗನ್ಯಾ ಬಚ್ಚಲಿಂದ ಕೂಗಿದಳು: "ಅತ್ತೇ, ನೀರು ಹೋಯ್ತು."

ಮುತ್ತುಕುಮಾರ್ ಆಗಲೇ ಲೋಡು ತುಂಬಿಕೊಂಡು ದಿಂಡಿಗಲ್ಲಿನ ದಾರಿ ಹಿಡಿದಿದ್ದ. ನೀರು ಒಡೆದರೆ ಒಂದು ಗಳಿಗೆಯೂ ನಿಲ್ಲಬೇಡಿ, ಫೋನು ಮಾಡಿದರೆ ಆಂಬುಲೆನ್ಸ್ ಮನೆ ಬಾಗಿಲಿಗೇ ಬರುತ್ತದೆ ಎಂದು ಊರಿನ ನರ್ಸಮ್ಮ ಹೇಳಿಹೋಗಿದ್ದಳು. ಪಾಂಡಿಯಮ್ಮಾಳ್ ನಿಂತಳು. ಸ್ವಲ್ಪ ಹೊತ್ತು ತಡೆದೆ ಅಷ್ಟೆ, ಎಂದೇ ಆಮೇಲೆ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದು. ಚೊಚ್ಚಲು ತಾನೆ, ನೋವು ಪೂರ್ತಿ ಬರಲಿ. ಬಿಸಿಲು ಇಳಿಯಲಿ. ಕಷಾಯ ಕುಡಿಯಲಿ. ಗಡಿಯಾರದ ಮುಳ್ಳು ಎರಡು ದಾಟಿದ ಮೇಲೆ ಪೊನ್ನುಸಾಮಿಯ ಆಟೋ ಕರೆಸಿದಳು. ಉತ್ತಮಪಾಳಯದ ದಾರಿಯಲ್ಲಿ, ಕಾಲುವೆಯ ಏರಿಯ ಮೇಲೆ, ಗದ್ದೆಗಳ ನಡುವೆ, ಆಟೋದ ಸೀಟಿನಲ್ಲೇ ಕೂಸು ಅವಳ ಕೈಗೆ ಬಂತು. ವೈಕಾಸಿಯ ಕೂಸು.

ಅಳಲಿಲ್ಲ. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ತುಟಿ ಪನ್ನೀರ್ ದ್ರಾಕ್ಷಿಯ ಬಣ್ಣ. ಅಂಗಾಲಿಗೆ ಹೊಡೆದಳು, ಬೆನ್ನು ತಿಕ್ಕಿದಳು, ಮೂಗಿಗೆ ಊದಿದಳು. ಪೊನ್ನುಸಾಮಿ ಕೆಳಗಿಳಿದು ಅತ್ತ ತಿರುಗಿ ಕೈಮುಗಿದು ನಿಂತುಬಿಟ್ಟ. ಅವನು ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಕಾಲುವೆಯ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಕೀಚಲು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೈ ಸ್ವಲ್ಪ ಕೆಂಪಾಗಿತ್ತು. ಬಾಗಿಲಲ್ಲೇ ನರ್ಸ್ ಕೇಳಿದಳು, "ಪೊರಂದದುಂ ಅಳುದುಚ್ಚಾ?" ಹುಟ್ಟುತ್ತಲೇ ಅತ್ತಿತಾ?

ಅಳಲಿಲ್ಲ ಎಂದರೆ ಮುಂದಿನ ಪ್ರಶ್ನೆ ನೀರು ಯಾವಾಗ ಒಡೆಯಿತು ಎಂಬುದು. ಪಾಂಡಿಯಮ್ಮಾಳ್‌ಗೆ ಅಷ್ಟು ತಿಳಿಯುತ್ತಿತ್ತು. "ಆಮಾ, ನಲ್ಲಾ ಅಳುದುಚ್ಚು" ಎಂದಳು. ಚೆನ್ನಾಗೇ ಅತ್ತಿತು. ಸುಗನ್ಯಾ ಸ್ಟ್ರೆಚರಿನ ಮೇಲೆ ಕಣ್ಣು ಮುಚ್ಚಿಕೊಂಡಿದ್ದಳು.

ಮರುದಿನ ವಾರ್ಡಿನಲ್ಲಿ ಕೂಸು ನಿದ್ದೆಯಲ್ಲಿ ತುಟಿ ಚಪ್ಪರಿಸಿತು, ಒಂದು ಕಾಲು ಸೈಕಲ್ ತುಳಿದಂತೆ ಆಡಿತು, ಕಣ್ಣು ಒಂದೇ ಕಡೆ ನಿಂತಿತು. "ಅತ್ತೇ, ಇದೇನು ನೋಡು" ಎಂದಳು ಸುಗನ್ಯಾ. "ಕನಸಲ್ಲಿ ಹಾಲು ಕುಡೀತಾನೆ. ನೀನು ಮಲಗು" ಎಂದಳು ಪಾಂಡಿಯಮ್ಮಾಳ್. ಡಾಕ್ಟರು ರೌಂಡ್ಸಿಗೆ ಬಂದಾಗ ಕೂಸು ಶಾಂತವಾಗಿ ನಿದ್ದೆ ಮಾಡುತ್ತಿತ್ತು. ಯಾರೂ ಏನೂ ಹೇಳಲಿಲ್ಲ. ಮನೆಗೆ ಕಳಿಸಿದರು.

ಅಳಗರ್ ಎಂದು ಹೆಸರಿಟ್ಟರು. ಊರು ಕೂಸನ್ನು ಹೊಗಳಿತು. ಎಂಥಾ ಸಾಧು, ಹಸಿವಾದರೂ ರಂಪವಿಲ್ಲ! ಪಕ್ಕದ ಮನೆಯ ಪಾಂಡೀಶ್ವರಿ, ಚಪ್ಪರದ ಕೆಲಸದಲ್ಲಿ ಪಾಂಡಿಯಮ್ಮಾಳ್‌ಳ ಜೋಡಿ, ಬಾಯಿ ತೆರೆದರೆ ನಗಿಸುವವಳು. "ಏನಕ್ಕಾ, ಹೆಸರು ಅಳಗರ್, ಅಳೋದು ಮಾತ್ರ ಇಲ್ಲೆ! ನಮ್ ಮನೇಲಿ ಒಂದಿತ್ತು, ಅತ್ತೂ ಅತ್ತೂ ಹೆಂಚು ಜಾರಿಸ್ತು" ಎಂದು ನಗಿಸಿದಳು. ಪಾಂಡಿಯಮ್ಮಾಳೂ ನಕ್ಕಳು. ಕೂಸು ಹೆಬ್ಬೆರಳನ್ನು ಒಳಗೆ ಮಡಿಸಿ ಮುಷ್ಟಿ ಬಿಗಿಹಿಡಿದರೆ, ಅಜ್ಜನ ಕೈ, ಹಿಡಿದದ್ದು ಬಿಡಲ್ಲ ಎಂದರು. ಕಂಕುಳಲ್ಲಿ ಕೈಕೊಟ್ಟು ಎತ್ತಿದರೆ ಕಾಲು ಕಡ್ಡಿಯಂತೆ ಸೆಟೆದು ಒಂದರ ಮೇಲೊಂದು ಹೆಣೆದುಕೊಳ್ಳುತ್ತಿತ್ತು. ಆಗಲೇ ನಿಲ್ಲಕ್ಕೆ ನೋಡ್ತಾನೆ ಎಂದರು. ಕೂಸಿನ ಮೈ ಒಂದೊಂದೇ ಮಾತನ್ನು ಕೂಗಿ ಹೇಳುತ್ತಿತ್ತು. ಊರು ಅದಕ್ಕೆಲ್ಲ ಹಾಡು ಕಟ್ಟಿತು.

ಓರಗೆಯ ಕೂಸುಗಳು ಬೋರಲು ಬಿದ್ದವು, ಎದ್ದು ಕೂತವು. ಅಳಗರ್‌ಗೆ ಕತ್ತು ನಿಲ್ಲಲಿಲ್ಲ. ಆಗ ಹೊಗಳಿದ ಬಾಯಿಗಳೇ ಕಾರಣ ಹುಡುಕಲು ಹೊರಟವು, ಮತ್ತು ಅಂಥ ಬಾಯಿಗಳು ಎಲ್ಲಿಗೆ ಹೋಗುತ್ತವೋ ಅಲ್ಲಿಗೇ ಹೋದವು. ಸುಗನ್ಯಾ ಬಸಿರಲ್ಲಿ ಪರಂಗಿಹಣ್ಣು ತಿಂದಳು. ಗ್ರಹಣದಲ್ಲಿ ಹೊರಗೆ ನಿಂತಳು. ಬಾವಿಕಟ್ಟೆಯಲ್ಲಿ ಕಾಲು ಚಾಚಿ ಕೂತು ಫೋನು ನೋಡಿದಳು. ತಾಯಿಯಿಲ್ಲದವಳು, ಅವಳಿಗೇನು ತಿಳಿದೀತು. ಒಂದು ದಿನ ಚಪ್ಪರದ ಕೆಳಗೆ ಊಟದ ಹೊತ್ತಿನಲ್ಲಿ ಯಾರೋ ಕೇಳಿದರು, "ನಿನ್ ಸೊಸೆ ಗರ್ಭದಲ್ಲೇ ಸೂಡು ಜಾಸ್ತಿಯಂತೆ, ಆಮಾವಾ ಅಕ್ಕಾ?" ಪಾಂಡಿಯಮ್ಮಾಳ್‌ಳ ಬಾಯಲ್ಲಿ ಅನ್ನವಿತ್ತು. ತಲೆಯಾಡಿಸಿದಳು. ಹೌದು, ಉಷ್ಣವೇ ಎಂಬಂತೆ.

ಆ ತಲೆಯಾಡಿಸಿದ್ದನ್ನು ಸುಗನ್ಯಾ ಬುತ್ತಿ ತಂದವಳು ಬಳ್ಳಿಗಳಾಚೆಯಿಂದ ನೋಡಿದಳು. ಬುತ್ತಿ ಇಟ್ಟು ಹೋದಳು. ಅವಳು ನೋಡಿದ್ದು ಪಾಂಡಿಯಮ್ಮಾಳ್‌ಗೆ ಗೊತ್ತಾಯಿತು. ಅವಳಿಗೆ ಗೊತ್ತಾದದ್ದು ಸುಗನ್ಯಾಳಿಗೂ ಗೊತ್ತಾಯಿತು. ಆ ಮನೆಯಲ್ಲಿ ಮತ್ತೆ ಅದರ ಮಾತಿಲ್ಲ.

ಲಸಿಕೆಗೆ ಹೋದಾಗ ಊರಿನ ನರ್ಸಮ್ಮ ಕೂಸಿನ ಮುಷ್ಟಿ ನೋಡಿದಳು, ಕತ್ತು ನೋಡಿದಳು, ಅಲ್ಲೇ ಪಟ್ಟು ಹಿಡಿದಳು: ಈ ವಾರವೇ ತೇನಿಗೆ, ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಸಂಕ್ರಾಂತಿ ಕಳೆದು ತೈ ತಿಂಗಳ ಒಂದು ಬೆಳಿಗ್ಗೆ ನಾಲ್ವರೂ ಮುತ್ತುಕುಮಾರನ ವ್ಯಾನಿನ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಹೊರಟರು. ಅಳಗರ್‌ಗೆ ಎಂಟು ತಿಂಗಳು. ಪಾಂಡಿಯಮ್ಮಾಳ್ ಹೋಗಬೇಕಾದದ್ದೇನೂ ಇರಲಿಲ್ಲ. "ಡಾಕ್ಟರ್ ಮುಂದೆ ಇಬ್ಬರಿಗೂ ಮಾತು ಬರಲ್ಲೆ, ನಾನೂ ಬರ್ತೀನಿ" ಎಂದು ಹತ್ತಿದಳು. ಯಾವ ಮಾತಿಗೆ ಕಾವಲು ಎಂದು ಅವಳಿಗೂ ಸುಗನ್ಯಾಳಿಗೂ ಗೊತ್ತಿತ್ತು.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ಆಂಡಿಪಟ್ಟಿ ಕಡೆಯ ರಾಗದ ತಮಿಳು. ಅಳಗರನನ್ನು ಚಾಪೆಯ ಮೇಲೆ ಮಲಗಿಸಿ, ಎತ್ತಿ, ಬೋರಲು ಹಾಕಿ, ಗಿಲಕಿ ಆಡಿಸಿ, ತಲೆಯ ಸುತ್ತ ಟೇಪು ಹಿಡಿದು ನೋಡಿದಳು. ಆಮೇಲೆ ಒಂದೊಂದಾಗಿ ಕೇಳುತ್ತ ಹೋದಳು. ಬಸಿರಿನಲ್ಲಿ ಬಿಪಿ, ಸಕ್ಕರೆ ಇತ್ತಾ? ಇಲ್ಲ. ರಕ್ತ ಕಮ್ಮಿ ಇತ್ತಾ? ಸ್ವಲ್ಪ, ಮಾತ್ರೆ ನುಂಗಿದ್ದೆ. ಜ್ವರ? ಇಲ್ಲ. ತಿಂಗಳು ತುಂಬಿತ್ತಾ? ತುಂಬಿತ್ತು. ಹುಟ್ಟಿದ ಮೇಲೆ ಮೈ ಹಳದಿಯಾಗಿತ್ತಾ? ಹಾಗೇನಿಲ್ಲ. ಸಂಬಂಧದಲ್ಲೇ ಮದುವೆಯಾ?

"ಆಮಾ, ನನ್ ತಮ್ಮನ್ ಮಗಳೇ" ಎಂದು ಪಾಂಡಿಯಮ್ಮಾಳ್ ತಮಿಳಿನಲ್ಲಿ ಹೆಮ್ಮೆಯಿಂದ ಹೇಳಿದಳು. ಅದನ್ನು ಹೇಳಲು ಅವಳಿಗೆ ನಾಚಿಕೆಯೇನೂ ಇರಲಿಲ್ಲ. ಡಾಕ್ಟರಮ್ಮ ಮುಖ ಎತ್ತದೆ ಮುಂದಿನದು ಕೇಳಿದಳು:

"ಪೊರಂದದುಂ ಅಳುದುಚ್ಚಾ?"

ಸುಗನ್ಯಾ ಬಾಯಿ ತೆರೆದಳು. ಪಾಂಡಿಯಮ್ಮಾಳ್ ಕೂಸಿನ ಟೋಪಿ ಸರಿಮಾಡುವವಳಂತೆ ಬಗ್ಗಿ, ಜೋಗುಳದ ರಾಗ ಎಳೆದು, ಮನೆಯ ಕನ್ನಡದಲ್ಲಿ ಸೊಸೆಗೆ ಹೇಳಿದಳು: "ಅಳಲಿಲ್ಲೆ ಅಂತ ಹೇಳಬ್ಯಾಡ ತಂಗಂ. ಚೆನ್ನಾಗೇ ಅತ್ತ ಅನ್ನು."

ಡಾಕ್ಟರಮ್ಮನ ಪೆನ್ನು ನಿಂತಿತು. ತಲೆ ಎತ್ತಿದಳು. "ಅಳಲೆಯಾ, ಪಾಟಿ?"

ಅಳಲಿಲ್ಲವಾ, ಅಜ್ಜಿ?

ಮನೆಗೆ ತಮಿಳರು ವೀಡು ಎನ್ನುತ್ತಾರೆ, ನೀರಿಗೆ ತಣ್ಣಿ, ಬೇಡಕ್ಕೆ ವೇಂಡಾಂ. ಆ ಡಾಕ್ಟರಿಗೆ 'ಹೇಳಬ್ಯಾಡ' ತಿಳಿದಿರಲಿಲ್ಲ, 'ಚೆನ್ನಾಗೇ' ತಿಳಿದಿರಲಿಲ್ಲ. ಆದರೆ ಅಳುವುದಕ್ಕೆ ಅವರೂ ಅಳು ಎಂದೇ ಅನ್ನುತ್ತಾರೆ. ಅವರು 'ಅಳಲೆ' ಎನ್ನುವುದು, ಇವರು 'ಅಳಲಿಲ್ಲೆ' ಎನ್ನುವುದು. ಜೀವಮಾನವೆಲ್ಲ ಎರಡೂ ಮಾತನ್ನು ಆಡಿದವಳಿಗೆ ಅದು ಹೊಳೆಯಲಿಲ್ಲ. ನಮ್ಮದು ನಮಗೇ, ಅವರದು ಅವರಿಗೇ ಎಂದುಕೊಂಡಿದ್ದಳು. ಪರದೆ ಹರಿದಿದ್ದದ್ದು ಸರಿಯಾಗಿ ಅವಳು ಅಡಗಿ ನಿಂತ ಜಾಗದಲ್ಲೇ.

"ಇಲ್ಲೆ ಇಲ್ಲೆ," ಅವಳ ತಮಿಳು ತೊದಲಿತು, "ಈಗ... ನೀವು ಮುಟ್ಟಿದ್ದಕ್ಕೆ ಅಳಲಿಲ್ಲವಲ್ಲಾ, ಒಳ್ಳೇ ಪಿಳ್ಳೆ ಅಂತ..."

"ಪಾಟಿ, ನೀವು ಸ್ವಲ್ಪ ಸುಮ್ಮನಿರಿ" ಎಂದಳು ಡಾಕ್ಟರಮ್ಮ. ಗದರಲಿಲ್ಲ. "ನೀವು ಹೇಳಿಮ್ಮಾ. ತಾಯಿ ನೀವು."

ಸುಗನ್ಯಾ ಗಂಡನ ಮುಖ ನೋಡಲಿಲ್ಲ, ಅತ್ತೆಯ ಮುಖ ನೋಡಲಿಲ್ಲ. ಕೂಸಿನ ಮುಷ್ಟಿ ನೋಡುತ್ತ ಹೇಳಿದಳು. ತಮಿಳಿನಲ್ಲಿ ಹೇಳಿದಳು. ಮನೆಯೊಳಗೆ ಎಂಟು ತಿಂಗಳು ಬಾಯಿಗೆ ಬಾರದ್ದು ಆ ಭಾಷೆಯಲ್ಲಿ ಶಾಲೆಯ ಪಾಠ ಒಪ್ಪಿಸಿದಂತೆ ಬಂತು. ಕೋಳಿ ಕೂಗುವಾಗ ನೀರು ಹೋಯಿತು. ಆಂಬುಲೆನ್ಸಿಗೆ ಫೋನು ಮಾಡುತ್ತೇನೆ ಎಂದೆ. ಅತ್ತೆ ನನ್ನ ಫೋನು ತೆಗೆದು ಬೀರುವಿನ ಮೇಲೆ ಇಟ್ಟರು. ಗಾಡಿ ಓಡಿಸುವವನಿಗೆ ಗಾಬರಿ ಮಾಡಬೇಡ ಎಂದರು. ನೋವು ಜೋರಾಯಿತು. ತಿಣುಕಬೇಡ ಎಂದರು. ಆಗಲ್ಲ ಅತ್ತೆ ಎಂದೆ. ಆಗ ಎರಡು ಮೊಣಕಾಲನ್ನೂ ಸೇರಿಸಿ ಹಿಡಿದುಕೊಂಡರು. ಚಿತ್ತಿರೈ ಕಳೆಯಲಿ, ತಡ್ಕೊ ತಂಗಂ, ತಡ್ಕೊ ಎಂದರು. ಬಿಸಿಲು ಕಿಟಕಿಯಿಂದ ನೆತ್ತಿಗೆ ಹೋಗಿ ಇಳಿಯುವವರೆಗೆ ಹಾಗೇ ಇದ್ದೆ. ಆಟೋದಲ್ಲಿ ಹುಟ್ಟಿದ. ತುಂಬ ಹೊತ್ತು ಅಳಲಿಲ್ಲ. ಮರುದಿನ ತುಟಿ, ಕಾಲು ಆಡಿಸಿದ, ಮೂರ್ನಾಲ್ಕು ಸಲ.

ಸ್ವಲ್ಪ ಹೊತ್ತು ತಡೆದೆ ಅಷ್ಟೆ. ಪಾಂಡಿಯಮ್ಮಾಳ್ ಎಂಟು ತಿಂಗಳು ಉಂಡು ಮಲಗಿದ್ದು ಆ ವಾಕ್ಯದ ಮೇಲೆ. ಈಗ ಅದರ ಜಾಗದಲ್ಲಿ ಎರಡು ಮೊಣಕಾಲು ಇದ್ದವು, ಅದರ ಮೇಲೆ ತನ್ನ ಎರಡು ಕೈ. ಯಾವಳೋ ರಾಕ್ಷಸಿಯ ಕತೆ ಕೇಳಿದ ಹಾಗಿತ್ತು. ಆ ರಾಕ್ಷಸಿ 'ತಂಗಂ' ಎನ್ನುತ್ತಿದ್ದಳು. ಮಗ ಗೋಡೆಗೆ ಒರಗಿ ನಿಂತಿದ್ದ. ಅವನ ಚಪ್ಪಲಿ ಮಾತ್ರ ಅವಳಿಗೆ ಕಂಡಿತು. ಅದಕ್ಕಿಂತ ಮೇಲೆ ಕಣ್ಣು ಎತ್ತಲು ಆಗಲಿಲ್ಲ.

ಡಾಕ್ಟರಮ್ಮ ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. "ಕಾದದ್ದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ" ಎಂದಳು. "ಹೊಟ್ಟೆಯೊಳಗೇ ಏನಾದರೂ ಆಗಿರಬಹುದು. ಸಂಬಂಧದ ಮದುವೆ ಬೇರೆ. ಪರೀಕ್ಷೆ ಮಾಡಿ ನೋಡಬೇಕು, ಆಗಲೂ ಪೂರ್ತಿ ಗೊತ್ತಾಗದೇ ಇರಬಹುದು. ಆದರೆ ನೀರು ಒಡೆದು ಅಷ್ಟು ಹೊತ್ತಾಗಿದೆ, ನೋವು ಬಂದ ಮೇಲೂ ತಡೆದಿದ್ದಾರೆ, ಹುಟ್ಟಿ ಅಳಲಿಲ್ಲ. ಮರುದಿನದ್ದು ಕನಸಲ್ಲಮ್ಮಾ, ಅದು ಫಿಟ್ಸ್ ಇರಬೇಕು. ಇಷ್ಟು ಆವತ್ತೇ ಹೇಳಿದ್ದರೆ ಈ ಮಗುವನ್ನು ಹಾಗೆ ಮನೆಗೆ ಕಳಿಸುತ್ತಿರಲಿಲ್ಲ. ಔಷಧಿ ಕೊಡುತ್ತಿದ್ದರು. ಕಿವಿ ಕಣ್ಣು ನೋಡುತ್ತಿದ್ದರು, ತಿಂಗಳು ತಿಂಗಳು ಕರೆಸಿ ತಲೆ ಅಳೆಯುತ್ತಿದ್ದರು. ಕೈಕಾಲಿನ ಅಭ್ಯಾಸ ಎಂದೋ ಶುರುವಾಗುತ್ತಿತ್ತು."

"ನಡೀತಾನಾ ಮೇಡಂ?" ಮುತ್ತುಕುಮಾರ್ ಆ ಕೋಣೆಯಲ್ಲಿ ಆಡಿದ ಮೊದಲ ಮಾತು ಅದು.

"ಈಗಲೇ ಹೇಳಲಾರೆ. ಹೋದ ಎಂಟು ತಿಂಗಳು ನನ್ನ ಕೈಯಲ್ಲಿಲ್ಲ. ಇವತ್ತಿನಿಂದ ಶುರು ಮಾಡೋಣ."

ಪಕ್ಕದ ಕೋಣೆಯಲ್ಲಿ ಅಭ್ಯಾಸ ಹೇಳಿಕೊಟ್ಟರು. ತೊಡೆಗಳನ್ನು ಮೆಲ್ಲಗೆ ಬಿಡಿಸುವುದು. ಎದೆಯ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಬೋರಲು ಹಾಕುವುದು. ಮುಷ್ಟಿಯನ್ನು ಎಳೆದು ಬಿಡಿಸಬಾರದು; ಕೈಯ ಹಿಂಬದಿಯನ್ನು ಸವರುತ್ತ ಇದ್ದರೆ ಬೆರಳು ತಾನಾಗಿ ಸಡಿಲುತ್ತದೆ, ಆಮೇಲೆ ಹೆಬ್ಬೆರಳು. ಅಳಗರ್ ಅತ್ತ. ಎಂದೂ ಅಳದವನು ಕಟ್ಟಡ ಕಿತ್ತುಹೋಗುವಂತೆ ಅತ್ತ. ಹೇಳಿಕೊಡುವವಳು, "ಅಳಲಿ ಬಿಡಿ, ನಿಲ್ಲಿಸಬೇಡಿ" ಎಂದಳು. ಅವಳು ಸುಗನ್ಯಾಳಿಗೆ ಕಲಿಸಿದಳು, ಮುತ್ತುಕುಮಾರನಿಗೂ ಕಲಿಸಿದಳು. ಬಾಗಿಲ ಹತ್ತಿರದ ಬೆಂಚಿನಲ್ಲಿದ್ದ ಅಜ್ಜಿಯನ್ನು ಯಾರೂ ಕರೆಯಲಿಲ್ಲ. ಬಳ್ಳಿಯ ಕಣ್ಣು ಮುಟ್ಟಿ ತಿಂಗಳು ಹೇಳುತ್ತಿದ್ದ ಎರಡು ಕೈಯನ್ನು ಅವಳು ಸೆರಗಿನೊಳಗೆ ಸುತ್ತಿಕೊಂಡು ಕೂತಿದ್ದಳು.

ವ್ಯಾನಿನ ಹತ್ತಿರ ಬಂದ ಮೇಲೆ ಸುಗನ್ಯಾ ಕೂಸಿನೊಂದಿಗೆ ಒಳಗೆ ಹತ್ತಿದಳು. ಮುತ್ತುಕುಮಾರ್ ಹತ್ತಲಿಲ್ಲ. ಮನೆಯಲ್ಲೂ ಅರ್ಧ ತಮಿಳು ಆಡುವವನು, ಹೊರಗೆ ಕನ್ನಡ ಎತ್ತಲು ನಾಚುವವನು, ಆ ಬಯಲಲ್ಲಿ ನಿಂತು ಕನ್ನಡದಲ್ಲೇ ಕೇಳಿದ.

"ಅವ್ವಾ. ಯಾರಿಗಾಗಿ ಹೆದರಿ ಕಾದೆ ನೀನು?"

ಅವಳು ವ್ಯಾನಿನ ಬಾಗಿಲ ಹಿಡಿಗೆ ಕೈ ಹಾಕಿದಳು.

"ನನಗಾಗಿ. ಆಮಾವಾ? ಚಿತ್ತಿರೈಲಿ ಹುಟ್ಟಿದ್ರೆ ನಾನು ಸಾಯ್ತೀನಿ ಅಂತ."

"ನಿನ್ ಉಸಿರು ಕಣೋ... ನನಗೆ ಇನ್ಯಾರಿದಾರೆ..."

"ಹಂಗಾದ್ರೆ ನಮ್ ಅಪ್ಪನ್ನ ಕೊಂದದ್ದು ಕರೆಂಟಲ್ಲ."

"ಮುತ್ತೂ!"

"ನೀನೇ ಹೇಳ್ತಿದ್ದೆ, ಮಡಿಲಲ್ಲಿ ಕೂರಿಸ್ಕೊಂಡು. ತಿಂಗಳು ಯಾರನ್ನೂ ಕೊಲ್ಲಲ್ಲೆ ಅಂತ. ಊರೆಲ್ಲ ಅಂದ್ರೂ ನಮ್ ಅವ್ವ ನಂಬಲ್ಲೆ ಅಂತ ತಿರುಗಿದವನು ನಾನು. ನೀನೂ ನಂಬಿದ್ದೆಯಾ ಅವ್ವಾ? ಅಷ್ಟು ವರ್ಷಾನೂ? ನನಗೆ ಅನ್ನ ಹಾಕ್ತಾ?"

ಅದಕ್ಕೆ ಇಲ್ಲ ಎನ್ನಬಹುದಿತ್ತು. ಹಾಗೆಂದರೆ ಸುಗನ್ಯಾಳ ಮೊಣಕಾಲು ಹಿಡಿದ ಕೈ ಯಾರದು ಎಂದು ಅವನು ಕೇಳುತ್ತಿದ್ದ. ಹೌದು ಎನ್ನಬಹುದಿತ್ತು. ಹಾಗೆಂದರೆ ನಲ್ಲಿಯ ಹತ್ತಿರ ಕೊಡ ಎತ್ತಿ ಹಾಕಿದವಳು ಯಾರು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಊರಿನ ಬಾಯಿ ಮುಚ್ಚಿಸಲು ಹೊರಟು, ಅದೇ ಬಾಯನ್ನು ತನ್ನೊಳಗೆ ಕೂರಿಸಿ ಸಾಕಿದ್ದಳು. ಕರೆಂಟು ಎಂದು ಕೂಗಿದ್ದು ಬಾಯಿ. ಕ್ಯಾಲೆಂಡರು ನೋಡಿದ್ದು ಕಣ್ಣು. ಪಾಂಡಿಯಮ್ಮಾಳ್ ವ್ಯಾನಿನ ಹಿಂದಕ್ಕೆ ಹೋಗಿ, ಹಣ್ಣಿನ ಖಾಲಿ ಕ್ರೇಟುಗಳ ನಡುವೆ ಹತ್ತಿ ಕೂತಳು. ಮುಂದೆ ಬಾ ಎಂದು ಯಾರೂ ಕರೆಯಲಿಲ್ಲ. ಹನುಮಂತನಪಟ್ಟಿಯವರೆಗೆ ಹಾಗೇ ಬಂದಳು.

ಅಂದಿನಿಂದ ಆ ಮನೆಯಲ್ಲಿ ಕೂಸು ಅಳತೊಡಗಿತು. ಬೆಳಿಗ್ಗೆ ಸುಗನ್ಯಾ, ಸಂಜೆ ಮುತ್ತುಕುಮಾರ್ ಅಭ್ಯಾಸ ಮಾಡಿಸುತ್ತಿದ್ದರು. ಪಾಂಡಿಯಮ್ಮಾಳ್ ಕೇಳದೆ ನೋಡಿ ಕಲಿತಳು. ಒಂದು ಮಧ್ಯಾಹ್ನ ಮಗ ದಿಂಡಿಗಲ್ಲಿಗೆ ಹೋಗಿದ್ದಾಗ, ಸೊಸೆ ಬಟ್ಟೆ ಒಗೆಯುತ್ತಿದ್ದಾಗ, ತೊಟ್ಟಿಲಿಂದ ಕೂಸನ್ನು ಎತ್ತಿ ಜಗುಲಿಗೆ ತಂದು ಮಡಿಲಲ್ಲಿ ಹಾಕಿಕೊಂಡು ಕೈ ಸವರಲು ಕೂತಳು. ಕೂಸು ಚೀರಿತು. ಸುಗನ್ಯಾ ಒಗೆಯುವ ಕಲ್ಲಿನ ಹತ್ತಿರದಿಂದ ತಿರುಗಿ ನೋಡಿದಳು. ಬಟ್ಟೆ ಕುಕ್ಕುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಪಾಂಡೀಶ್ವರಿ ಗೋಡೆಯಾಚೆಯಿಂದ ಬಂದಳು. ಅವಳ ಮಗಳು ಬಸುರಿ, ಬಾಣಂತನಕ್ಕೆ ಬರುವವಳಿದ್ದಳು. "ಏನಕ್ಕಾ, ಅಳಗರ್‌ಗೆ ಈಗ ಬಾಯಿ ಬಂತಾ? ಬೀದಿ ತನಕ ಕೇಳ್ತೈತೆ! ತೇನಿ ಡಾಕ್ಟರ್ ಏನಂದ್ರು? ಸುಗನ್ಯಾ ಮೈಲಿ ಸೂಡು ಅಂದ್ರಾ?"

ಬಟ್ಟೆಯ ಸದ್ದು ಮತ್ತೆ ನಿಂತಿತು.

ಜಗುಲಿಯಲ್ಲಿ ಇದ್ದವರೆಲ್ಲ ಕನ್ನಡದವರೇ. ಇಲ್ಲಿ ಅಡಗಲು ಬೇರೆ ಭಾಷೆಯಿರಲಿಲ್ಲ. ಪಾಂಡಿಯಮ್ಮಾಳ್ ತಲೆ ಬಗ್ಗಿಸಿಕೊಂಡೇ ಹೇಳಿದಳು. "ಸುಗನ್ಯಾದು ಏನೂ ಇಲ್ಲೆ. ಹುಟ್ಟಿದಾಗ ಕೂಸು ಅಳಲಿಲ್ಲೆ. ಚಿತ್ತಿರೈ ಕಳೀಲಿ ಅಂತ ನಾನು ತಡೆದೆ. ಕಾಲು ಹಿಡಿದು ತಡೆದೆ. ಆಸ್ಪತ್ರೇಲಿ ಸುಳ್ಳು ಹೇಳಿದೆ."

ಹೇಳಿ, ಕಾದಳು. ಥೂ ಎನ್ನಲಿ. ಊರಿಗೆಲ್ಲ ಸಾರಲಿ. ಅದಕ್ಕೆ ತಯಾರಾಗಿದ್ದಳು.

ಪಾಂಡೀಶ್ವರಿ ಹತ್ತಿರ ಬಂದಳು. ಆಮೇಲೆ ಪಕ್ಕದಲ್ಲಿ ಕೂತು ಅವಳ ಭುಜದ ಮೇಲೆ ಕೈ ಇಟ್ಟಳು. "ಹೋಗ್ಲಿ ಬಿಡಕ್ಕಾ. ನೀನೇನು ಬೇಕು ಅಂತ ಮಾಡಿದ್ಯಾ? ಗಂಡ ಹೋದವಳು, ಮಗ ಉಳೀಲಿ ಅಂದ್ಕೊಂಡೆ. ನಾನಾಗಿದ್ರೂ ಅದೇ ಮಾಡ್ತಿದ್ದೆ. ನಮ್ ಹುಡುಗೀಗೂ ಚಿತ್ತಿರೈಲೇ ದಿನ ಬರ್ತೈತೆ, ಅದೇ ಯೋಚನೆ ನನಗೂ. ಒಂದೆರಡು ದಿನ ಆಚೆ ಈಚೆ ಆದ್ರೆ..."

ಉಗುಳು ಬಿದ್ದಿದ್ದರೆ ಒರೆಸಿಕೊಳ್ಳಬಹುದಿತ್ತು. ಈ ಸಮಾಧಾನ ಪಾಂಡಿಯಮ್ಮಾಳ್‌ಳ ಮೈಗೆ ಕಾದ ಎಣ್ಣೆಯಂತೆ ಬಿತ್ತು. ಅವಳೊಬ್ಬಳೇ ರಾಕ್ಷಸಿಯಾಗಿದ್ದರೆ ಊರಿಗೆ ಅಷ್ಟು ಭಯವಿರಲಿಲ್ಲ. ಪ್ರತಿ ಜಗುಲಿಯಲ್ಲೂ ಒಬ್ಬಳು ಕೂತಿದ್ದಳು, ನಗುತ್ತ, ತಂಗಂ ಎನ್ನುತ್ತ, ಕ್ಯಾಲೆಂಡರು ನೋಡುತ್ತ.

ಭುಜದ ಮೇಲಿದ್ದ ಕೈಯನ್ನು ತೆಗೆದು ಮಣಿಕಟ್ಟು ಹಿಡಿದಳು. ಬಳ್ಳಿ ಸವರಿ ಗಟ್ಟಿಯಾದ ಹಿಡಿತ ಅದು. ಪಾಂಡೀಶ್ವರಿಯ ಬೆರಳನ್ನು ತಂದು ಕೂಸಿನ ಮುಷ್ಟಿಯ ಮೇಲೆ ಇಟ್ಟಳು.

"ಈ ಹೆಬ್ಬೆಟ್ಟು ಒಳಗೈತೆ. ಈಚೆ ತೆಗಿ."

"ಅಯ್ಯೋ, ಇದೇನಕ್ಕಾ..."

"ಎಳೀಬ್ಯಾಡ. ಹಿಂಗೈ ಸವರು. ಸವರ್ತಾ ಇರು. ತಾನಾಗಿ ಬರಬೇಕು."

ಪಾಂಡೀಶ್ವರಿ ಸವರಿದಳು. ಕೂಸು ಬೆನ್ನು ಸೆಟೆದು ಚೀರಿತು. ಮುಷ್ಟಿ ಇನ್ನೂ ಬಿಗಿಯಿತು. ಅವಳ ಮುಖದ ನಗು ಎಲ್ಲಿ ಹೋಯಿತೋ, ಕಣ್ಣು ತುಂಬಿ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಪಾಂಡಿಯಮ್ಮಾಳ್ ಬಿಡಲಿಲ್ಲ.

"ಅಳ್ತೈತೆ ಅಕ್ಕಾ, ಸಾಕು ಬಿಡು, ನನ್ ಕೈಲಾಗಲ್ಲೆ..."

"ಅಳಲಿ. ನಿನ್ ಮಗಳು ಬರೋ ತನಕ ದಿನಾ ಬಾ. ದಿನಾ ಇದನ್ನ ತೆಗಿ. ಆಮೇಲೆ ಹೇಳು, ನೀನಾಗಿದ್ರೆ ಏನ್ ಮಾಡ್ತಿದ್ದೆ ಅಂತ."

ಸುಗನ್ಯಾ ಒದ್ದೆ ಕೈಯಲ್ಲಿ ಬಂದು ಜಗುಲಿಯ ಕಂಬದ ಹತ್ತಿರ ನಿಂತಿದ್ದಳು. ಅತ್ತೆಯ ಮಡಿಲಿಂದ ಕೂಸನ್ನು ತೆಗೆದುಕೊಳ್ಳಲು ಮುಂದೆ ಬರಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಆ ಇಬ್ಬರು ಹೆಂಗಸರ ಕೈಗಳ ನಡುವೆ ಹೆಬ್ಬೆರಳು ಈಚೆ ಬರುತ್ತದೋ ಇಲ್ಲವೋ ಎಂದು ನೋಡುತ್ತ ನಿಂತಳು.